ಎಂಜಿ ವಿಂಡ್ಸರ್ ಇವಿ: ಬಳ್ಳಾರಿ ಬಿಸಿಲಿಗೆ ಯಾವ ವೇರಿಯಂಟ್, ಯಾವುದಕ್ಕೆ ಬೇರೆ ಹಣ

ಶೋರೂಮಿನ ತಂಪಿನಲ್ಲಿ ಎಂಜಿಯ ಎಲೆಕ್ಟ್ರಿಕ್ ಕಾರು ವಿಂಡ್ಸರ್ ನೋಡಲು ಹೋದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ, ಚಾವಣಿಯೆಲ್ಲ ಗಾಜು. ಹಿಂದಿನ ಸೀಟಿನ ಬೆನ್ನು 135 ಡಿಗ್ರಿಯವರೆಗೆ ಒರಗುತ್ತದೆ, ಮುಂದೆ 15.6 ಇಂಚಿನ ಪರದೆ ಹೊಳೆಯುತ್ತದೆ, ಅಷ್ಟರಲ್ಲಿ ಬುಕಿಂಗ್ ಫಾರಂ ಬಂದಿರುತ್ತದೆ. ಆದರೆ ಈ ಕಾರು ಓಡಬೇಕಾದದ್ದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ. ಸಂಡೂರು-ತೋರಣಗಲ್ಲು ಕಡೆಯ ಕೆಂಪು ಧೂಳಿನಲ್ಲಿ, ಸಿರುಗುಪ್ಪ-ಸಿಂಧನೂರು ಕಡೆಯ ಎರೆಭೂಮಿಯಲ್ಲಿ. ಬ್ರೋಶರ್‌ನ 'ಸ್ಟ್ಯಾಂಡರ್ಡ್' ಕಾಲಂ ಅನ್ನು ಈ ಬಿಸಿಲು, ಧೂಳು, ಮಣ್ಣಿನ ಲೆಕ್ಕಕ್ಕೆ ಹಿಡಿದು ಓದಿದರೆ ಕೆಳಗಿನ ವೇರಿಯಂಟ್ ಅಂದುಕೊಂಡದ್ದಕ್ಕಿಂತ ಗಟ್ಟಿ ಕಾಣುತ್ತದೆ, ಮೇಲಿನದು ಅಂದುಕೊಂಡಷ್ಟು ಲಾಭದ್ದಲ್ಲ.

ಮೊದಲು ಮೂಲ ಲೆಕ್ಕ. ವಿಂಡ್ಸರ್ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. 38 ಕಿಲೋವ್ಯಾಟ್ ಅವರ್ ಬ್ಯಾಟರಿ, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 38 ಯುನಿಟ್. ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ರಸಾಯನ, ಮುಂದಿನ ಚಕ್ರಕ್ಕೆ 136 ಪಿಎಸ್ ಮೋಟರ್, 200 ನ್ಯೂಟನ್ ಮೀಟರ್ ಟಾರ್ಕ್. ಪ್ರಮಾಣಿತ ರೇಂಜ್, ಅಂದರೆ ಒಮ್ಮೆ ತುಂಬಿಸಿದರೆ ಓಡುವ ದೂರ, 331 ಕಿ.ಮೀ. ಎಕ್ಸೈಟ್, ಎಕ್ಸ್‌ಕ್ಲೂಸಿವ್, ಎಸೆನ್ಸ್ ಎಂದು ಮೂರು ವೇರಿಯಂಟ್; ಬಿಡುಗಡೆಯ ದಿನ ಎಕ್ಸ್-ಶೋರೂಮ್ ಬೆಲೆ ಕ್ರಮವಾಗಿ 13.50, 14.50, 15.50 ಲಕ್ಷ ಇತ್ತು. ಆಮೇಲೆ ದರ ಏರಿದೆ. ಆದರೆ ಮೆಟ್ಟಿಲಿಗೊಂದು ಲಕ್ಷ ಎಂಬ ಆ ಅಂತರ ನೆನಪಿರಲಿ. ಪ್ರತಿ ಲಕ್ಷಕ್ಕೆ ಏನು ಬರುತ್ತದೆ ಎಂಬುದೇ ಇಲ್ಲಿ ನೋಡಬೇಕಾದದ್ದು. (ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ 'ಜೆಎಸ್‌ಡಬ್ಲ್ಯು' ಎಂಬ ಹೆಸರು ಎಂಜಿ ಕಂಪನಿಯ ಹೆಸರಿನಲ್ಲೂ ಇದೆ ಎಂದು ಇದನ್ನು ನಮ್ಮೂರ ಕಾರು ಅಂದುಕೊಳ್ಳುವವರಿಗೆ ಒಂದು ಮಾತು: ತಯಾರಾಗುವುದು ಗುಜರಾತಿನ ಹಾಲೋಲ್‌ನಲ್ಲಿ.)

'ಸ್ಟ್ಯಾಂಡರ್ಡ್' ಎಂಬ ಪದವನ್ನು ಮಾರಾಟದವರು ಮೂರು ಅರ್ಥದಲ್ಲಿ ಬಳಸುತ್ತಾರೆ. ಒಂದು, ಕಾನೂನೇ ಕಡ್ಡಾಯ ಮಾಡಿರುವುದು. 2019ರ ಜುಲೈಯಿಂದ ರಿವರ್ಸ್ ಸೆನ್ಸರ್, ಸೀಟ್‌ಬೆಲ್ಟ್ ಎಚ್ಚರಿಕೆ, 80 ಮತ್ತು 120 ಕಿ.ಮೀ. ವೇಗದ ಬೀಪ್ ಎಲ್ಲ ಹೊಸ ಕಾರಿಗೂ ಕಡ್ಡಾಯ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೂಡ ಕಡ್ಡಾಯ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕೂಡ ಕಡ್ಡಾಯ. ಇವನ್ನು ಬೆರಳು ಮಡಿಚಿ ಎಣಿಸಿ 'ಫೀಚರ್' ಎಂದು ಹೇಳಿದರೆ ಆ ಬೆರಳುಗಳನ್ನು ಬಿಡಿಸಿಬಿಡಿ. ಎರಡು, ಕಂಪನಿ ತಾನಾಗಿ ಎಲ್ಲ ವೇರಿಯಂಟ್‌ಗೂ ಕೊಟ್ಟಿರುವುದು. ಮೂರು, ಡೀಲರ್ ತನ್ನ ಅಂಗಡಿಯಿಂದ ಸೇರಿಸಿದ್ದು: ಮ್ಯಾಟ್, ಮಡ್ ಫ್ಲಾಪ್, ಡೋರ್ ವೈಸರ್, ಬಾಡಿ ಕವರ್. ಇದು 'ಎಸೆನ್ಷಿಯಲ್ ಕಿಟ್' ಎಂಬ ಹೆಸರಲ್ಲಿ ಕೊಟೇಶನ್‌ನ ಕೆಳಗಿನ ಸಾಲಿಗೆ ಬರುತ್ತದೆ. ಅದಕ್ಕೆ ಹೂಂ ಅನ್ನಲೇಬೇಕೆಂದಿಲ್ಲ. ಇನ್ಶೂರೆನ್ಸ್ ಕೂಡ ಹಾಗೆಯೇ, ಅವರಲ್ಲೇ ಮಾಡಿಸಬೇಕೆಂಬ ನಿಯಮ ಇಲ್ಲ. ಇವಿಗಳಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ 15 ಕಡಿತ ಸಿಕ್ಕಿದೆಯೇ ನೋಡಿಕೊಳ್ಳಿ.

ಎರಡನೆಯ ಗುಂಪಿನಲ್ಲಿ ವಿಂಡ್ಸರ್ ಚೆನ್ನಾಗಿ ನಿಲ್ಲುತ್ತದೆ. ಎಕ್ಸೈಟ್‌ಗೇ ಆರು ಏರ್‌ಬ್ಯಾಗ್, ಕಾರು ಜಾರದಂತೆ ಹಿಡಿಯುವ ಇಎಸ್‌ಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಟೈರ್ ಒತ್ತಡದ ಸೂಚಕ ಇವೆ. ಹಿಂದಿನವರಿಗೆ ಎಸಿ ಕಿಂಡಿ ಇದೆ. ಬಿಸಿಲುನಾಡಿನಲ್ಲಿ ಅದು ಐಷಾರಾಮವಲ್ಲ, ಹಿಂದೆ ಕೂತ ವಯಸ್ಸಾದವರ ಅಗತ್ಯ. ಆದರೆ ಏರ್‌ಬ್ಯಾಗ್ ಎಣಿಕೆ ಬೇರೆ, ಕ್ರ್ಯಾಶ್ ಟೆಸ್ಟ್ ಸ್ಟಾರ್ ಬೇರೆ. ಸ್ಟಾರ್ ಬೇಕೆಂದರೆ ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ತಾಣದಲ್ಲಿ ಕಾರಿನ ಹೆಸರು ಹಾಕಿ ನೀವೇ ನೋಡಿ. ಟಾಟಾ ಪಂಚ್ ಇವಿ, ನೆಕ್ಸಾನ್ ಇವಿ ಎರಡೂ 2024ರಲ್ಲಿ ಅಲ್ಲಿ ಐದು ಸ್ಟಾರ್ ಪಡೆದಿವೆ. ಮಾರಾಟದವರ ಬಾಯಿಂದ 'ಇದೂ ಅಷ್ಟೇ ಗಟ್ಟಿ' ಎಂದು ಕೇಳಿದ್ದು ಸ್ಟಾರ್ ಆಗುವುದಿಲ್ಲ.

ಎಕ್ಸ್‌ಕ್ಲೂಸಿವ್‌ಗೆ ಹೋಲಿಸಿದರೆ ಎಕ್ಸೈಟ್‌ನಲ್ಲಿ ಕಡಿಮೆಯಾಗುವುದು ಏನು? ಪರದೆ 15.6ರ ಬದಲು 10.1 ಇಂಚು, ಚಾಲಕನ ಮುಂದಿನದು 8.8ರ ಬದಲು 7 ಇಂಚು. 18 ಇಂಚಿನ ಅಲಾಯ್ ಬದಲು 17 ಇಂಚಿನ ಸ್ಟೀಲ್ ರಿಮ್, ಮೇಲೆ ಪ್ಲಾಸ್ಟಿಕ್ ಕವರ್. ಲೆದರೆಟ್ (ಕೃತಕ ಚರ್ಮ) ಬದಲು ಬಟ್ಟೆ ಸೀಟು. 360 ಡಿಗ್ರಿ ಕ್ಯಾಮೆರಾ ಇಲ್ಲ. ಕಾಗದದ ಮೇಲೆ ಇದು ದೊಡ್ಡ ಕೊರತೆ, ರಸ್ತೆ ಮೇಲೆ ಅರ್ಧ ಲಾಭ. 17 ಇಂಚಿನ ಚಕ್ರದಲ್ಲಿ ಟೈರಿನ ಪಕ್ಕೆ ಎತ್ತರ, ಗುಂಡಿಗೆ ಬಿದ್ದಾಗ ಪೆಟ್ಟನ್ನು ಅದೇ ನುಂಗುತ್ತದೆ. ಸ್ಟೀಲ್ ರಿಮ್ ಬಾಗಿದರೆ ಬಡಿದು ಸರಿಮಾಡಿಸಬಹುದು; ಅಲಾಯ್ ಸೀಳಿದರೆ ಹೊಸದೇ ಗತಿ, ಬೆಸುಗೆ ಹಾಕಿಸಿ ಹೆದ್ದಾರಿಗೆ ಇಳಿಯುವುದು ತಲೆಕೆಟ್ಟ ಕೆಲಸ. ಬಿಸಿಲಲ್ಲಿ ನಿಂತ ಕಾರಿನ ಲೆದರೆಟ್ ಸೀಟಿನ ಮೇಲೆ ಕೂತವರಿಗೆ ಬಟ್ಟೆ ಸೀಟಿನ ಮಹಿಮೆ ಹೇಳಬೇಕಾಗಿಲ್ಲ. 360 ಕ್ಯಾಮೆರಾ ಮಾತ್ರ ನಿಜವಾದ ನಷ್ಟ: ಕಾರು 1,850 ಮಿ.ಮೀ. ಅಗಲ ಇದೆ, ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್‌ಬಜಾರ್ ಗಲ್ಲಿಗಳು ಅಷ್ಟು ಉದಾರವಾಗಿಲ್ಲ.

ಇನ್ನು ಎಸೆನ್ಸ್. ಎಕ್ಸ್‌ಕ್ಲೂಸಿವ್ ಮೇಲೆ ಸುಮಾರು ಇನ್ನೊಂದು ಲಕ್ಷ ಕೊಟ್ಟರೆ ಸಿಗುವ ಮುಖ್ಯ ಸಂಗತಿಗಳು ಗಾಜಿನ ಚಾವಣಿ, ಒಂಬತ್ತು ಸ್ಪೀಕರ್, ಮುಂದಿನ ಸೀಟುಗಳಿಗೆ ವೆಂಟಿಲೇಶನ್. ತೊಡಕು ಇಲ್ಲೇ ಇದೆ. ಗಾಳಿ ಹಾಯುವ ಸೀಟು ಈ ಸೀಮೆಗೆ ಹೇಳಿ ಮಾಡಿಸಿದ್ದು. ಬೆನ್ನಿನ ಬೆವರು ಆರುತ್ತದೆ, ಎಸಿಯನ್ನು ಎರಡು ಡಿಗ್ರಿ ಮೇಲೆ ಇಟ್ಟರೂ ಸಾಕಾಗುತ್ತದೆ, ಅಷ್ಟು ಕರೆಂಟ್ ಉಳಿಯುತ್ತದೆ. ಗಾಜಿನ ಚಾವಣಿ ಇದೇ ಸೀಮೆಗೆ ಬೇಡವೇ ಬೇಡವಾದದ್ದು. ಅದು ತೆರೆಯುವುದಿಲ್ಲ, ಬರೀ ನೋಡಲು. ಕಂಪನಿ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾರುತ್ತಿದೆ. ಸೀಟು ಬೇಕೆಂದರೆ ಗಾಜನ್ನೂ ಹೊತ್ತುಕೊಳ್ಳಬೇಕು. ನಮ್ಮ ತೀರ್ಪು: ಮಲೆನಾಡಿಗಾದರೆ ಎಸೆನ್ಸ್, ಬಳ್ಳಾರಿ-ರಾಯಚೂರಿಗೆ ಎಕ್ಸ್‌ಕ್ಲೂಸಿವ್. ಹಟವಿದ್ದರೆ ಟೆಸ್ಟ್ ಡ್ರೈವ್ ಅನ್ನು ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ ಎರಡಕ್ಕೆ ಹೋಗಿ, ಕಾರನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಕೂತು ಗಾಜಿಗೆ ಅಂಗೈ ಹಿಡಿಯಿರಿ. ಚಾವಣಿಗೆ ಪರದೆ ಹೇಗಿದೆ, ಎಷ್ಟು ಮುಚ್ಚುತ್ತದೆ, ತಂಪಾಗಲು ಎಷ್ಟು ನಿಮಿಷ ಹಿಡಿಯಿತು ಎಲ್ಲ ಅಲ್ಲೇ ಗೊತ್ತಾಗುತ್ತದೆ. ಡೀಲರ್ ಫಿಲ್ಮ್ ಹಚ್ಚಿಕೊಡುತ್ತೇನೆ ಎಂದರೆ, ಪಕ್ಕದ ಗಾಜುಗಳಲ್ಲಿ ಶೇ 50, ಮುಂದಿನ-ಹಿಂದಿನ ಗಾಜುಗಳಲ್ಲಿ ಶೇ 70 ಬೆಳಕು ಹಾಯಲೇಬೇಕು ಎಂಬ ನಿಯಮ ಮರೆಯಬೇಡಿ.

ಅದೇ ಟೆಸ್ಟ್ ಡ್ರೈವ್‌ನಲ್ಲಿ ಇನ್ನೊಂದು. ಎಸಿ ಸೇರಿ ಬಹುತೇಕ ನಿಯಂತ್ರಣಗಳು ಪರದೆಯೊಳಗೇ ಇವೆ, ಕನ್ನಡಿ ಹೊಂದಿಸುವುದೂ ಕೂಡ. ಕಪ್ಪು ಕನ್ನಡಕ ಹಾಕಿಕೊಂಡು, ಎದುರು ಬಿಸಿಲಿನಲ್ಲಿ, ಓಡುವಾಗ ಫ್ಯಾನ್ ವೇಗ ಇಳಿಸಲು ಎಷ್ಟು ಸಲ ಬೆರಳು ಒತ್ತಬೇಕಾಯಿತು ಎಣಿಸಿ. ಗುಂಡಿ ಇಲ್ಲದ ಕಾರನ್ನು ಆಧುನಿಕ ಎಂದು ಕರೆಯುವುದು ಫ್ಯಾಷನ್. ಚಾಲಕನಿಗೆ ಅದು ಸೌಲಭ್ಯವಂತೂ ಅಲ್ಲ.

ಚಾರ್ಜರ್, ಮತ್ತು ಅದರ ಹಿಂದಿರುವ ಗೋಡೆ

ಇವಿಯಲ್ಲಿ 'ಚಾರ್ಜರ್ ಫ್ರೀ' ಎಂಬಷ್ಟು ಮೋಸದ ಮಾತು ಬೇರೊಂದಿಲ್ಲ. ಏಕೆಂದರೆ ಚಾರ್ಜರ್ ಎರಡು ಬಗೆ. ಮೂರು ಪಿನ್‌ನ 16 ಆಂಪ್ ಸಾಕೆಟ್‌ಗೆ ಹಾಕುವ ಪೋರ್ಟಬಲ್ ಕೇಬಲ್ 3.3 ಕಿಲೋವ್ಯಾಟ್‌ನದು, ವಿಂಡ್ಸರ್ ತುಂಬಲು ಕಂಪನಿಯ ಲೆಕ್ಕದಲ್ಲೇ 13.8 ಗಂಟೆ. ಗೋಡೆಗೆ ಹೊಡೆಯುವ 7.4 ಕಿಲೋವ್ಯಾಟ್ ಬಾಕ್ಸ್‌ನಲ್ಲಿ ಆರೂವರೆ ಗಂಟೆ. ಕೊಟೇಶನ್‌ನಲ್ಲಿ ಇವುಗಳಲ್ಲಿ ಯಾವುದು, ಕೂಡಿಸುವ ಖರ್ಚು ಯಾರದು, ಎಷ್ಟು ಮೀಟರ್ ವೈರ್‌ವರೆಗೆ ಉಚಿತ ಎಂದು ಬರೆಸಿಕೊಳ್ಳಿ. 'ಆಸ್ ಪರ್ ಸ್ಟ್ಯಾಂಡರ್ಡ್' ಎಂದು ಬರೆದರೆ ಹೊಡೆದುಹಾಕಿಸಿ, ವಸ್ತುವಿನ ಹೆಸರು ಬರೆಸಿ. ಕಾರು ಬಂದ ಮೇಲೆ ಮೀಟರ್ ಬೋರ್ಡಿನಿಂದ ಪೋರ್ಟಿಕೋಗೆ 25 ಮೀಟರ್ ಇದೆ ಎಂದು ಗೊತ್ತಾಗಿ ಜಗಳ ಶುರುವಾಗುವುದು ಇಲ್ಲೇ.

ಪೋರ್ಟಬಲ್ ಕೇಬಲ್ ಸಾಕು ಅನ್ನುವವರು ಒಂದು ತಿಳಿದಿರಬೇಕು. ಮನೆಯ ಗೀಜರ್ ಪಾಯಿಂಟ್ ದಿನಕ್ಕೆ ಇಪ್ಪತ್ತು ನಿಮಿಷ ಲೋಡ್ ಹೊರುತ್ತದೆ. ಕಾರು 14 ಆಂಪ್‌ನಷ್ಟನ್ನು ಬಿಡುವಿಲ್ಲದೆ ಹದಿಮೂರು ಗಂಟೆ ಎಳೆಯುತ್ತದೆ. ಸಾಕೆಟ್‌ನ ಹಿಂದಿನ ಒಂದು ಸ್ಕ್ರೂ ಸಡಿಲವಿದ್ದರೆ ಅಲ್ಲಿ ಕಾವು ಏರಿ, ಪಿನ್ ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್, ಲೋಡ್ ಮೀರಿದರೆ ಕರೆಂಟ್ ಕಡಿಯುವ ಪ್ರತ್ಯೇಕ 20 ಆಂಪ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ, ಒಳ್ಳೆಯ ಕಂಪನಿಯ ಸಾಕೆಟ್. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. 7.4ರ ಬಾಕ್ಸ್‌ಗೆ 32 ಆಂಪ್ ಬೇಕು: 6 ಚದರ ಮಿ.ಮೀ. ವೈರ್, ದೂರ 25-30 ಮೀಟರ್ ದಾಟಿದರೆ 10, ಜೊತೆಗೆ 40 ಆಂಪ್ ಎಂಸಿಬಿ. ಹಳೆಯ ಮನೆಗಳ 2-3 ಕಿಲೋವ್ಯಾಟ್ ಮಂಜೂರಾದ ಲೋಡ್ ಇದಕ್ಕೆ ಸಾಲದು. ಜೆಸ್ಕಾಂ ಕಚೇರಿಯಲ್ಲಿ ಲೋಡ್ ಏರಿಸುವ ಅರ್ಜಿಯನ್ನು ಕಾರು ಬುಕ್ ಮಾಡಿದ ವಾರವೇ ಹಾಕಿ, ಡೆಲಿವರಿ ಆದಮೇಲಲ್ಲ.

ಅರ್ಥಿಂಗ್ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆಗಳದು ವಿಶೇಷ ಕಥೆ. ಅರ್ಥ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಜನ ಕಾರು ಕೆಟ್ಟಿದೆ ಅಂದುಕೊಳ್ಳುತ್ತಾರೆ, ಕೆಟ್ಟಿರುವುದು ಹಿತ್ತಲಿನ ಗುಂಡಿ. ಎರೆಮಣ್ಣು ಮಳೆಗಾಲದಲ್ಲಿ ಅರ್ಥಿಂಗ್‌ಗೆ ಹೇಳಿ ಮಾಡಿಸಿದ ಮಣ್ಣು. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ನಡುವೆ ಗಾಳಿ ನಿಲ್ಲುತ್ತದೆ. ಜುಲೈಯಲ್ಲಿ ಪಾಸಾದ ಅರ್ಥ್ ಏಪ್ರಿಲ್‌ನಲ್ಲಿ ಫೇಲಾಗುವುದು ಇದರಿಂದಲೇ. ಕೊಪ್ಪಳ-ಗಂಗಾವತಿ-ಆನೆಗೊಂದಿ ಕಡೆ ಮೂರಡಿಗೆ ಬಂಡೆ ಹತ್ತುತ್ತದೆ, ಎರಡೂವರೆ ಮೀಟರ್ ಪೈಪ್ ಇಳಿಯುವುದೇ ಇಲ್ಲ. ಅಲ್ಲಿ ಎರಡು ಮೂರು ಕಡೆ ಎಲೆಕ್ಟ್ರೋಡ್ ಹಾಕಿ ಒಂದಕ್ಕೊಂದು ಜೋಡಿಸಬೇಕು. ಉಪ್ಪು-ಇದ್ದಿಲಿನ ಹಳೇ ಗುಂಡಿಗಿಂತ ಬೆಂಟೊನೈಟ್ ಪುಡಿ ತುಂಬಿದ ಕೆಮಿಕಲ್ ಅರ್ಥಿಂಗ್ ತೇವ ಹಿಡಿದಿಡುತ್ತದೆ, ಉಪ್ಪಿನ ಹಾಗೆ ಪೈಪನ್ನು ತಿನ್ನುವುದಿಲ್ಲ. ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಎರಡು ನಿಮಿಷದ್ದು: ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಮೂರು ವೋಲ್ಟ್‌ನೊಳಗೆ ಇರಬೇಕು. ಐದು ದಾಟಿದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಚಾರ್ಜರ್ ಹಟ ಮಾಡುತ್ತದೆಂದು ಅರ್ಥ್ ಪಿನ್‌ಗೆ ನ್ಯೂಟ್ರಲ್ ಜೋಡಿಸಿಕೊಡುವ 'ಜಾಣ'ರಿದ್ದಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಇಡೀ ಕಾರಿನ ಮೈಯೇ ಫೇಸ್ ಆಗುತ್ತದೆ.

ಬಿಲ್ಲಿನದು ಒಂದು ಮಾತು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ, ನೂರು ಕಿ.ಮೀ.ಗೆ 15 ಯುನಿಟ್ ಲೆಕ್ಕದಲ್ಲಿ 150 ಯುನಿಟ್, ಚಾರ್ಜಿಂಗ್‌ನಲ್ಲಿ ಸೋರಿಹೋಗುವುದು ಸೇರಿ 165-170. ಮನೆಯ ಬಳಕೆ ಕೂಡಿಸಿದರೆ 200 ದಾಟಿತು, ಗೃಹಜ್ಯೋತಿಯ ಶೂನ್ಯ ಬಿಲ್ ಹೋಯಿತು. ಹೆಚ್ಚಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಪೆಟ್ರೋಲಿಗಿಂತ ಆಗಲೂ ಅಗ್ಗವೇ. ಆದರೆ ಶೋರೂಮಿನವರು ಕಿ.ಮೀ.ಗೆ ಇಷ್ಟು ಪೈಸೆ ಎಂದು ಬರೆದುಕೊಡುವ ಚೀಟಿಯಲ್ಲಿ ಈ ಸಾಲು ಇರುವುದಿಲ್ಲ.

ರೇಂಜ್ ಲೆಕ್ಕವೂ ಇದೇ 15 ಯುನಿಟ್‌ನಿಂದ ಬರುತ್ತದೆ: 38 ಯುನಿಟ್‌ಗೆ ಸುಮಾರು 250 ಕಿ.ಮೀ. ಹೆದ್ದಾರಿಯಲ್ಲಿ ನೂರರ ವೇಗ, ಎಸಿ ಜೋರು ಎಂದರೆ ಅದಕ್ಕೂ ಕಡಿಮೆ. ಬಳ್ಳಾರಿ-ಹೊಸಪೇಟೆ ಹೋಗಿಬಂದು ಅಥವಾ ರಾಯಚೂರಿಗೆ ಒಂದು ಬದಿ ಚಿಂತೆಯಿಲ್ಲ. ಸುಮಾರು 310 ಕಿ.ಮೀ. ದೂರದ ಬೆಂಗಳೂರಿಗೆ ಹಿರಿಯೂರಿನ ಆಸುಪಾಸು ಒಂದು ನಿಲುಗಡೆ ಖಾಯಂ. ದಾರಿಬದಿಯ ವೇಗದ ಚಾರ್ಜರ್ (ಡಿಸಿ) 45 ಕಿಲೋವ್ಯಾಟ್ ಕೊಟ್ಟರೆ ಶೇ 80ಕ್ಕೆ 55 ನಿಮಿಷ ಎಂಬುದು ಕಂಪನಿಯ ಮಾತು. ಊಟದ ಹೊತ್ತಿಗೆ ಹೊಂದಿಸಿಕೊಳ್ಳಿ. ಈ ಪ್ರಯಾಣ ವಾರವಾರ ಇದ್ದರೆ 38ರ ಕಾರೇ ನಿಮ್ಮದಲ್ಲ. 2025ರ ಮೇಯಲ್ಲಿ ಬಂದ 52.9 ಕಿಲೋವ್ಯಾಟ್ ಅವರ್‌ನ ವಿಂಡ್ಸರ್ ಪ್ರೋ ನೋಡಿ, ಪ್ರಮಾಣಿತ ರೇಂಜ್ 449 ಕಿ.ಮೀ. ಅದರಲ್ಲಿ ಕಾರಿನಿಂದಲೇ ಹೊರಗಿನ ಉಪಕರಣಕ್ಕೆ ಕರೆಂಟ್ ಕೊಡುವ ವಿ2ಎಲ್ ಕೂಡ ಇದೆ. ಕರೆಂಟ್ ಹೋದ ರಾತ್ರಿ ಫ್ರಿಜ್, ಫ್ಯಾನ್ ನಡೆಸಲು ನಿಜವಾಗಿ ಕೆಲಸಕ್ಕೆ ಬರುವ ಸಂಗತಿ ಅದು. 38ರ ಕಾರಿನಲ್ಲಿ ಅದನ್ನು ಹುಡುಕಬೇಡಿ.

ಬ್ಯಾಟರಿ ಬಾಡಿಗೆ ಯೋಜನೆ, ಬಿಎಎಎಸ್. ಬ್ಯಾಟರಿ ಬಿಟ್ಟು 9.99 ಲಕ್ಷಕ್ಕೆ ಕಾರು, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಎಂದು ಆರಂಭದಲ್ಲಿ ಜಾಹೀರಾತಾಗಿತ್ತು. ತಿಂಗಳಿಗೆ ಕನಿಷ್ಠ ಎಷ್ಟು ಕಿ.ಮೀ.ಗೆ ಕಟ್ಟಬೇಕು ಎಂಬ ಸಾಲನ್ನು ಫೈನಾನ್ಸ್ ಕಾಗದದಲ್ಲಿ ಹುಡುಕಿ. ಅದು 1,500 ಎಂದಿದ್ದರೆ ಕಾರು ಮನೆ ಮುಂದೆ ನಿಂತಿದ್ದರೂ 5,250 ರೂಪಾಯಿ. 800 ಕಿ.ಮೀ. ಮಾತ್ರ ಓಡಿಸುವವರಿಗೆ ಅದು ಕಿ.ಮೀ.ಗೆ ಆರೂವರೆ ರೂಪಾಯಿ ದಾಟಿತು, ಚಾರ್ಜಿಂಗ್ ಬೇರೆ. ಊರೊಳಗೇ ತಿರುಗುವವರು ಇದನ್ನು ಬಿಟ್ಟು ಪೂರ್ತಿ ಬೆಲೆಗೆ ಕೊಳ್ಳುವುದೇ ಲೇಸು. ಬ್ಯಾಟರಿಗೆ ಜೀವಮಾನದ ವಾರಂಟಿ ಎಂಬುದು ಮೊದಲ ಮಾಲೀಕರಿಗೆ ಮಾತ್ರ. ಎರಡನೆಯವರಿಗೆ ಅದು 8 ವರ್ಷ ಅಥವಾ 1.6 ಲಕ್ಷ ಕಿ.ಮೀ.ಗೆ ಇಳಿಯುತ್ತದೆ, ಮರುಮಾರಾಟದ ಬೆಲೆ ಮಾತಾಡುವಾಗ ಇದು ಎದುರು ಬರುತ್ತದೆ.

ಬೂಟ್ ನೆಲ ಎತ್ತಿ ನೋಡಿ

ಡೆಲಿವರಿಗೆ ಮುಂಚಿನ ತಪಾಸಣೆಯನ್ನು ಹಣ ಪೂರ್ತಿ ಕಟ್ಟುವ ಮೊದಲು, ಹಗಲು ಬೆಳಕಿನಲ್ಲಿ, ಕಾರು ತೊಳೆದು ಪಾಲಿಶ್ ಹೊಡೆಯುವ ಮೊದಲು ಮಾಡಿ. ಹಾರ ಹಾಕಿ ನಿಂಬೆಹಣ್ಣು ಇಟ್ಟ ಮೇಲೆ ಯಾರಿಗೂ ದೋಷ ಹುಡುಕುವ ಮನಸ್ಸಾಗುವುದಿಲ್ಲ.

ಮೊದಲು ಬೂಟ್. 604 ಲೀಟರ್ ಎಂದು ಹೊಗಳಿಸಿಕೊಂಡ ಆ ಡಿಕ್ಕಿಯ ನೆಲ ಎತ್ತಿ. ಸ್ಪೇರ್ ವೀಲ್ ಇದೆ ಎಂದು ಯಾವ ಇವಿಯಲ್ಲೂ ಭಾವಿಸಬೇಡಿ. ಟೈರ್ ಒತ್ತಡದ ಸೂಚಕ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಪೇರ್ ಬೇಕಿಲ್ಲ ಎಂದು 2020ರ ಅಕ್ಟೋಬರ್‌ನಿಂದ ನಿಯಮವೇ ಸಡಿಲವಾಗಿದೆ. ಕಿಟ್ ಎಂದರೆ ಒಂದು ಸೀಲಂಟ್ ಬಾಟಲಿ, ಒಂದು 12 ವೋಲ್ಟ್ ಗಾಳಿ ಪಂಪು. ಬಳ್ಳಾರಿ ಜಾಲಿ ಮುಳ್ಳು ಚುಚ್ಚಿದರೆ ಅದು ಸಾಕು. ಅದಿರು ಲಾರಿಗಳ ದಾರಿಯಲ್ಲಿ ಬಿದ್ದ ಬೋಲ್ಟೋ ಕಲ್ಲಿನ ಅಂಚೋ ಟೈರಿನ ಪಕ್ಕೆ ಸೀಳಿದರೆ ಬಾಟಲಿ ಇಡೀ ಸುರಿದರೂ ಪ್ರಯೋಜನವಿಲ್ಲ. ಬಾಟಲಿಗೆ ಎಕ್ಸ್‌ಪೈರಿ ದಿನಾಂಕ ಇರುತ್ತದೆ, ಓದಿ. ಪಂಪನ್ನು ಅಲ್ಲೇ ಸಿಕ್ಕಿಸಿ ನಡೆಸಿ ನೋಡಿ. ಹಳ್ಳಿ ಕಡೆ ಓಡಾಟವಿದ್ದವರು ಒಂದು ಸ್ಟೀಲ್ ರಿಮ್, ಟೈರ್, ಜಾಕ್, ಸ್ಪಾನರ್‌ಗೆ ಬೇರೆ ಹಣ ಎತ್ತಿಡಿ; ಡೋರ್ ವೈಸರ್‌ಗೆ ಕೊಡುವ ಬದಲು ಇದಕ್ಕೆ ಕೊಡಿ. ಜಾಕ್ ಎಲ್ಲಿ ಇಡಬೇಕೆಂದು ಸರ್ವಿಸ್‌ನವರಿಂದ ಕೈಯಿಟ್ಟು ತೋರಿಸಿಕೊಳ್ಳಿ, ಬ್ಯಾಟರಿ ಪೆಟ್ಟಿಗೆಗೆ ಜಾಕ್ ತಾಗಬಾರದು. ಫಸ್ಟ್ ಏಡ್ ಕಿಟ್, ಎಚ್ಚರಿಕೆ ತ್ರಿಕೋನವೂ ಅಲ್ಲೇ ಇರಬೇಕು.

ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ: 3225 ಎಂದರೆ 2025ರ 32ನೇ ವಾರ. ನಾಲ್ಕೂ ಟೈರ್ ಹತ್ತಿರಹತ್ತಿರದ ವಾರದವಾಗಿರಲಿ. ಕಾರಿನ ತಯಾರಿಕೆಯ ತಿಂಗಳು-ವರ್ಷ, 17 ಅಕ್ಷರಗಳ ಚಾಸಿ ಸಂಖ್ಯೆ, ಮೋಟರ್ ಸಂಖ್ಯೆಗಳನ್ನು ಇನ್‌ವಾಯ್ಸ್ ಮತ್ತು ತಯಾರಕರು ಕೊಡುವ ಪ್ರಮಾಣಪತ್ರ ಫಾರಂ 22 ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ. ವೇರಿಯಂಟ್ ಹೆಸರು ಇನ್‌ವಾಯ್ಸ್‌ನಲ್ಲಿ ಪೂರ್ತಿ ಇರಲಿ. ಡಿಸೆಂಬರ್‌ನಲ್ಲಿ ತಯಾರಾದದ್ದನ್ನು ಮಾರ್ಚ್‌ನಲ್ಲಿ ಕೊಡುತ್ತಿದ್ದರೆ ರಿಯಾಯಿತಿ ಕೇಳುವುದು ನಿಮ್ಮ ಹಕ್ಕು. ಬಹಳ ದಿನ ಯಾರ್ಡಿನಲ್ಲಿ ನಿಂತ ಇವಿಯಲ್ಲಿ ಮೊದಲು ಸೊರಗುವುದು ದೊಡ್ಡ ಬ್ಯಾಟರಿಯಲ್ಲ, ಚಿಕ್ಕ 12 ವೋಲ್ಟ್‌ನದು. ಅದು ಸತ್ತರೆ ದೊಡ್ಡದು ಪೂರ್ತಿ ತುಂಬಿದ್ದರೂ ಕಾರು ಏಳುವುದಿಲ್ಲ. ಕಾರು ಆಫ್ ಇದ್ದಾಗ ಅದರ ವೋಲ್ಟೇಜ್ 12.4ಕ್ಕಿಂತ ಮೇಲಿರಬೇಕು.

ಆಮೇಲೆ ಚಾರ್ಜ್ ಮಾಡಿಸಿ ನೋಡಿ. ಇದನ್ನು ಬಹುತೇಕರು ಬಿಡುತ್ತಾರೆ. ನಿಮಗೆ ಕೊಡುವ ಅದೇ ಪೋರ್ಟಬಲ್ ಕೇಬಲ್ಲನ್ನು ಪೆಟ್ಟಿಗೆಯಿಂದ ತೆಗೆಸಿ, ಕಾಲು ಗಂಟೆ ಮನೆಯ ಕರೆಂಟಿನ (ಎಸಿ) ಚಾರ್ಜ್. ಶೋರೂಮಿನಲ್ಲಿ ಡಿಸಿ ಚಾರ್ಜರ್ ಇದ್ದರೆ ಅದರ ಸಿಸಿಎಸ್-2 ಪ್ಲಗ್ (ಗನ್) ಸಿಕ್ಕಿಸಿ ಐದು ನಿಮಿಷ. ಗನ್ ಲಾಕ್ ಆಗಿ, ನಿಲ್ಲಿಸಿದ ಮೇಲೆ ಸಲೀಸಾಗಿ ಬಿಡಬೇಕು. ತುರ್ತಿನಲ್ಲಿ ಕೈಯಿಂದ ಬಿಡಿಸುವ ದಾರ ಎಲ್ಲಿದೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ ನೂರಕ್ಕೆ ನೂರು ತುಂಬಿಸಿ: ಎಲ್‌ಎಫ್‌ಪಿ ಬ್ಯಾಟರಿಯ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ, ಪೂರ್ತಿ ತುಂಬದೆ ಉಳಿದ ಚಾರ್ಜ್ ಎಷ್ಟೆಂದು ಕಾರಿಗೇ ಲೆಕ್ಕ ತಪ್ಪುತ್ತದೆ.

ಧೂಳಿಗೆ ಸಂಬಂಧಿಸಿ ಕಂಪನಿಯ ಸರ್ವಿಸ್ ಪಟ್ಟಿಯನ್ನು ನೆಚ್ಚಬೇಡಿ. ಕ್ಯಾಬಿನ್ ಫಿಲ್ಟರ್ ಎಲ್ಲಿದೆ, ಹೇಗೆ ತೆಗೆಯುವುದು ಎಂದು ಡೆಲಿವರಿ ದಿನವೇ ನೋಡಿಕೊಂಡು, ತೋರಣಗಲ್ಲು ಕಡೆ ದಿನವೂ ಓಡಾಡುವವರು ತಿಂಗಳಿಗೊಮ್ಮೆ ಕೊಡವಿ. ಇವಿಗೆ ಎಂಜಿನ್ ಇಲ್ಲದಿದ್ದರೂ ಮುಂದೆ ಕಂಡೆನ್ಸರ್, ರೇಡಿಯೇಟರ್ ಇವೆ. ಅವು ಕೆಂಪು ಮಣ್ಣಿನಿಂದ ಮುಚ್ಚಿಕೊಂಡರೆ ಎಸಿ ಸೋಲುತ್ತದೆ, ಬ್ಯಾಟರಿ ಬೇಗ ಕಾಯ್ದು ಬೇಸಿಗೆಯ ಡಿಸಿ ಚಾರ್ಜಿಂಗ್ ನಿಧಾನವಾಗುತ್ತದೆ. ನೀರನ್ನು ಪೈಪಿನಿಂದ ಹಗುರವಾಗಿ ಬಿಡಿ, ಪ್ರೆಶರ್ ಗನ್ ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಿಚಿಕೊಳ್ಳುತ್ತವೆ. ಕಾರಿನ ಕೆಳಗೆ 186 ಮಿ.ಮೀ. ಅಂತರವಿದೆ; ಐದು ಜನ ಮತ್ತು ಲಗೇಜು ತುಂಬಿದಾಗ ಅಷ್ಟೂ ಉಳಿಯುವುದಿಲ್ಲ. ಹಳ್ಳಿಗಳ ಬಣ್ಣ ಬಳಿಯದ ಹಂಪ್‌ಗಳನ್ನು ಓರೆಯಾಗಿ ದಾಟಿ, ಅಡಿಗೆ ತಗುಲಿದ ಸದ್ದಾದರೆ ರ‍್ಯಾಂಪ್ ಮೇಲೆ ಎತ್ತಿಸಿ ಬ್ಯಾಟರಿ ಪೆಟ್ಟಿಗೆಯ ಫೋಟೋ ತೆಗೆದಿಡಿ, ಇನ್ಶೂರೆನ್ಸ್ ಕ್ಲೇಮಿಗೆ ಬೇಕಾಗುತ್ತದೆ.